ರೌಟರ್ ಕಲಿಯಲು ಬಳೆ ಅಡವಿಡಬೇಕೆ?

ಮುದ್ದೇನಹಳ್ಳಿಯಿಂದ ತಾಯಿಯೊಬ್ಬರು ಬರೆದ ಪತ್ರ ನನ್ನ ಮುಂದಿದೆ. ಮಗಳು ಚಿಕ್ಕಬಳ್ಳಾಪುರದಲ್ಲಿ ಬಿ.ಸಿ.ಎ. ಮುಗಿಸಿದ್ದಾಳೆ. ಯಜಮಾನರು ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕವೊಂದರಲ್ಲಿ ದುಡಿಯುತ್ತಾರೆ. ಮಗಳಿಗೆ ನೆಟ್‌ವರ್ಕಿಂಗ್ ಕಲಿಯುವ ಆಸೆ. ಬೆಂಗಳೂರಿನ ತರಬೇತಿ ಸಂಸ್ಥೆಯೊಂದರಲ್ಲಿ ವಿಚಾರಿಸಿದರೆ 'ಸಿಸಿಎನ್‌ಎ' ಕೋರ್ಸಿಗೆ ಎಂಬತ್ತು ಸಾವಿರ ರೂಪಾಯಿ ಎಂದರಂತೆ. ಮೂರು ತಿಂಗಳ ತರಗತಿ, ಪರೀಕ್ಷೆಯಲ್ಲಿ ಪಾಸು ಖಾತ್ರಿ, ಆಮೇಲೆ ಕೆಲಸವೂ ಖಾತ್ರಿ. 'ನನ್ನ ಹತ್ತಿರ ಎರಡು ಚಿನ್ನದ ಬಳೆಗಳಿವೆ. ಅಡವಿಟ್ಟರೆ ಬಡ್ಡಿ ಕಟ್ಟಬೇಕಲ್ಲ ಎಂಬ ಅಳುಕು. ಇಡದಿದ್ದರೆ ಮಗಳ ದಾರಿಗೆ ನಾನೇ ಅಡ್ಡ ನಿಂತಂತಾಗುತ್ತದೆಯೋ ಎಂಬ ಸಂಕಟ. ಏನು ಮಾಡಲಿ?' ಎಂದು ಕೇಳಿದ್ದಾರೆ.

ಸಹೋದರಿ, ಬಳೆಗಳು ನಿಮ್ಮ ಕೈಯಲ್ಲೇ ಇರಲಿ. ಮಗಳು ಕಲಿಯುವುದು ಬೇಡ ಎನ್ನುತ್ತಿಲ್ಲ, ಖಂಡಿತ ಕಲಿಯಲಿ. ಆದರೆ ಆ ಎಂಬತ್ತು ಸಾವಿರಕ್ಕೆ ಅವರು ಕಲಿಸುವುದರಲ್ಲಿ ಬಹುಪಾಲನ್ನು ಅವಳು ನಿಮ್ಮ ಮನೆಯಲ್ಲೇ ಕುಳಿತು ಕಲಿಯಬಹುದು. ಉಳಿದದ್ದಕ್ಕೆ ಹಣ ಬೇಕೋ ಬೇಡವೋ ಎಂಬುದು ನಾಲ್ಕು ತಿಂಗಳಲ್ಲಿ ನಿಮಗೇ ತಿಳಿಯುತ್ತದೆ. ಇಂತಹ ಪತ್ರ ಇದೊಂದೇ ಅಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲಿಗೆ ಈ ಸಿಸಿಎನ್‌ಎ ಎಂದರೇನು? ರೌಟರ್, ಸ್ವಿಚ್‌ಗಳನ್ನು ತಯಾರಿಸುವ ಸಿಸ್ಕೊ ಎಂಬ ಅಮೆರಿಕದ ಕಂಪನಿ 1998ರಲ್ಲಿ ಆರಂಭಿಸಿದ ಪರೀಕ್ಷೆ ಇದು. ಕಂಪನಿ ಹುಟ್ಟಿದ್ದು 1984ರಲ್ಲಿ. ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕಿದ್ದ ಲೆನ್ ಬೊಸಾಕ್ ಮತ್ತು ಸ್ಯಾಂಡಿ ಲರ್ನರ್ ಎಂಬ ಗಂಡ ಹೆಂಡತಿ ಸೇರಿ ಕಟ್ಟಿದ್ದು. 2007ರಲ್ಲಿ ಅದೇ ಕಂಪನಿ ಬೆಂಗಳೂರಿನಲ್ಲಿ ತನ್ನ ದೊಡ್ಡ ಕೇಂದ್ರವೊಂದನ್ನು ತೆರೆಯಿತು. ನಿಮ್ಮ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದದ್ದೂ ಅದೇ ವರ್ಷ. ಈ ಕೆಲಸ ಹೆಣ್ಣುಮಕ್ಕಳಿಗೆ ಆಗಿಬರುವುದಿಲ್ಲ ಎಂದು ಬಂಧುಗಳು ಯಾರಾದರೂ ಹೇಳಿದರೆ ಸ್ಯಾಂಡಿ ಲರ್ನರ್ ಹೆಸರು ಹೇಳಿ. ಅದೂ ಸಾಲದಿದ್ದರೆ ಇನ್ನೊಂದು ಹೆಸರಿದೆ. ಸ್ವಿಚ್‌ಗಳ ನಡುವೆ ಸಂದೇಶ ಗಾಣದೆತ್ತಿನಂತೆ ಸುತ್ತುತ್ತಲೇ ಇರದ ಹಾಗೆ ತಡೆಯುವ 'ಸ್ಪ್ಯಾನಿಂಗ್ ಟ್ರೀ' ಎಂಬ ವಿಧಾನವನ್ನು 1985ರಲ್ಲಿ ರೂಪಿಸಿದವರು ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ. ನಿಮ್ಮ ಮಗಳು ಪರೀಕ್ಷೆಗೆ ಅದನ್ನು ಓದಲೇಬೇಕು.

ಈಗ ಈ ಪುಟವನ್ನು ಮಗಳ ಕೈಗೆ ಕೊಡಿ.

ಮಗಳೇ, ನಿನ್ನ ಊರು ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಅವರ ಮನೆ ಇಂದು ಸ್ಮಾರಕ. ಶಾಲೆಯಿಂದ ನೀನೂ ಸಾಲಾಗಿ ಹೋಗಿ ನೋಡಿ ಬಂದಿರುತ್ತೀಯ. ನಿನ್ನ ಅಜ್ಜನನ್ನು ಕೇಳು, ಕೆರೆಯ ತೂಬು ತೆರೆದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ನೋಡಿಕೊಳ್ಳುತ್ತಿದ್ದ ನೀರುಗಂಟಿಯ ವಿಷಯ ಹೇಳುತ್ತಾರೆ. ರೌಟರ್ ಮಾಡುವುದು ಆ ನೀರುಗಂಟಿಯ ಕೆಲಸವನ್ನೇ. ಒಂದು ಕಾಲುವೆಯಿಂದ ಬಂದ ಸಂದೇಶವನ್ನು ನೋಡಿ, ಅದು ಯಾವ ಕಾಲುವೆಗೆ ಹೋಗಬೇಕೋ ಅಲ್ಲಿಗೆ ಬಿಡುತ್ತದೆ. ದಾರಿಯನ್ನು ನಾವೇ ಕೈಯಾರೆ ಬರೆದುಕೊಟ್ಟರೆ ಅದಕ್ಕೆ 'ಸ್ಟಾಟಿಕ್ ರೂಟ್' ಎನ್ನುತ್ತಾರೆ. ನೀರುಗಂಟಿ ಮಲಗಿದರೆ ನೀರು ನಿಂತ ಹಾಗೆ, ಆ ದಾರಿ ಕಡಿದರೆ ಸಂದೇಶವೂ ನಿಲ್ಲುತ್ತದೆ. ವಿಶ್ವೇಶ್ವರಯ್ಯನವರು ಪುಣೆಯ ಬಳಿ ಖಡಕ್‌ವಾಸ್ಲಾ ಅಣೆಕಟ್ಟಿಗೆ 1903ರಲ್ಲಿ ಕೂಡಿಸಿದ ಬಾಗಿಲುಗಳು ಹಾಗಲ್ಲ. ನೀರು ಮಟ್ಟ ಮೀರಿದರೆ ತಾವಾಗಿ ತೆರೆದುಕೊಂಡು, ಇಳಿದರೆ ತಾವಾಗಿ ಮುಚ್ಚಿಕೊಳ್ಳುತ್ತಿದ್ದವು. ರೌಟರಿನಲ್ಲಿ ಅದಕ್ಕೆ ಸಮನಾದದ್ದು 'ಓಎಸ್‌ಪಿಎಫ್'. ಸಾಮಾನ್ಯವಾಗಿ ಪಕ್ಕಪಕ್ಕದ ರೌಟರ್‌ಗಳು ಹತ್ತು ಸೆಕೆಂಡಿಗೊಮ್ಮೆ ಒಂದಕ್ಕೊಂದು 'ಹಲೋ' ಹೇಳುತ್ತಿರುತ್ತವೆ. ನಲವತ್ತು ಸೆಕೆಂಡು ಹಲೋ ಬಾರದಿದ್ದರೆ ನೆರೆಯವನು ಇಲ್ಲವೆಂದು ತಿಳಿದು, ಬೇರೆ ದಾರಿ ಇದ್ದರೆ ತಾವೇ ಹುಡುಕಿಕೊಳ್ಳುತ್ತವೆ.

ಸಂದೇಶ ಹೋಗಬೇಕಾದ ಊರು ರೌಟರಿಗೆ ತಿಳಿಯುವುದು ಹೇಗೆ? ಇದು ಎಲ್ಲರೂ ಎಡವುವ ಜಾಗ. ಇಲ್ಲಿ ಅಂಚೆಯಣ್ಣನನ್ನು ನೆನೆದುಕೊ. ನಿಮ್ಮ ಚಿಕ್ಕಬಳ್ಳಾಪುರದ ಪಿನ್ ಕೋಡ್ 562101. ದೆಹಲಿಯಲ್ಲಿ ಅಂಚೆ ವಿಂಗಡಿಸುವವನಿಗೆ ಚಿಕ್ಕಬಳ್ಳಾಪುರ ಎಲ್ಲಿದೆ ಎಂದು ಗೊತ್ತಿರಬೇಕಾಗಿಲ್ಲ. ಮೊದಲ ಅಂಕಿ 5 ನೋಡಿ ದಕ್ಷಿಣಕ್ಕೆ ಕಳಿಸಿದರೆ ಸಾಕು. ಹತ್ತಿರ ಬಂದಂತೆ 562 ನೋಡುತ್ತಾರೆ. ಕೊನೆಯಲ್ಲಷ್ಟೇ 101 ಆದರೆ ಚಿಕ್ಕಬಳ್ಳಾಪುರ, 105 ಆದರೆ ಶಿಡ್ಲಘಟ್ಟ ಎಂದು ಬೇರೆಯಾಗುತ್ತದೆ. ಐಪಿ ವಿಳಾಸದ ಗುಟ್ಟೂ ಇಷ್ಟೇ. ವಿಳಾಸದ ಮುಂದಿನ ಭಾಗ ಊರು, ಹಿಂದಿನ ಭಾಗ ಮನೆ. ದೂರದ ರೌಟರಿಗೆ ಊರು ತಿಳಿದರೆ ಸಾಕು. 562 ಎಂಬುದಕ್ಕೆ ಒಂದು ದಾರಿ, 562105 ಎಂಬುದಕ್ಕೇ ಬೇರೆ ದಾರಿ, ಹೀಗೆ ಎರಡೂ ಪಟ್ಟಿಯಲ್ಲಿದ್ದರೆ ರೌಟರ್ ಹೆಚ್ಚು ಅಂಕಿ ಹೊಂದುವ ದಾರಿಯನ್ನೇ ಹಿಡಿಯುತ್ತದೆ. ಪರೀಕ್ಷೆಯಲ್ಲಿ ಇದರ ಮೇಲೆ ಪ್ರಶ್ನೆ ಬರುತ್ತದೆ.

ಇನ್ನೊಂದು ಸ್ವಾರಸ್ಯ ನೋಡು. ಒಂದೇ ಜಿಲ್ಲೆಯಾದರೂ ಚಿಂತಾಮಣಿಯದು 563125, ಗೌರಿಬಿದನೂರಿನದು 561208. ಅಂಚೆಯ ಗಡಿಯೇ ಬೇರೆ, ಜಿಲ್ಲೆಯ ಗಡಿಯೇ ಬೇರೆ. ನೆಟ್‌ವರ್ಕ್ ವಿಳಾಸವೂ ನಕಾಶೆಯನ್ನು ಕೇಳಿ ನಡೆಯುವುದಿಲ್ಲ. ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಕುಳಿತ ಎರಡು ಕಂಪ್ಯೂಟರ್‌ಗಳು ಬೇರೆ ಬೇರೆ 'ಊರಿನವು' ಆಗಿರಬಹುದು. ಆಗ ಅವು ಮಾತಾಡಲು ನಡುವೆ ರೌಟರ್ ಬೇಕೇ ಬೇಕು.

ಊರನ್ನು ಕೇರಿಗಳಾಗಿ ಒಡೆಯುವ ಲೆಕ್ಕಕ್ಕೆ 'ಸಬ್‌ನೆಟ್ಟಿಂಗ್' ಎನ್ನುತ್ತಾರೆ. ಅನೇಕರು ಪುಸ್ತಕ ಮುಚ್ಚುವುದು ಈ ಪಾಠದಲ್ಲೇ. ನೀನು ಮುಚ್ಚಬೇಡ, ಒಂದು ಲೆಕ್ಕ ನನ್ನ ಜೊತೆ ಮಾಡು. ಒಂದು ಶಾಲೆಗೆ 192.168.10.0 ಎಂಬ ನೆಟ್‌ವರ್ಕ್ ಕೊಟ್ಟಿದ್ದಾರೆ. ಅದರಲ್ಲಿ ಒಟ್ಟು 256 ವಿಳಾಸಗಳು. ನಾಲ್ಕು ವಿಭಾಗ, ಒಂದೊಂದರಲ್ಲೂ ಐವತ್ತು ಕಂಪ್ಯೂಟರ್. ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು, ಅರವತ್ತನಾಲ್ಕು ಎಂದು ದುಪ್ಪಟ್ಟು ಮಾಡುತ್ತಾ ಹೋಗು. ಐವತ್ತು ಹಿಡಿಸುವ ಮೊದಲ ಸಂಖ್ಯೆ 64. ಹಾಗಾದರೆ ಕೇರಿಗಳು ಆರಂಭವಾಗುವುದು 0, 64, 128, 192ಕ್ಕೆ. 256ರಿಂದ 64 ಕಳೆದರೆ 192. ಆದ್ದರಿಂದ ಮಾಸ್ಕ್ 255.255.255.192. ಪ್ರತಿ ಕೇರಿಯ ಮೊದಲ ವಿಳಾಸ ಕೇರಿಯ ಹೆಸರಿಗೆ, ಕೊನೆಯದು ಎಲ್ಲರನ್ನೂ ಒಟ್ಟಿಗೆ ಕೂಗಲು ಮೀಸಲು. ಉಳಿದದ್ದು 62. ಅಷ್ಟೇ! ದಿನಕ್ಕೆ ಇಂತಹ ಐದು ಲೆಕ್ಕ, ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ, ಕ್ಯಾಲ್ಕುಲೇಟರ್ ಇಲ್ಲದೆ. ತಿಂಗಳು ತುಂಬುವಷ್ಟರಲ್ಲಿ ಅನ್ನ ಬೇಯುವುದರೊಳಗೆ ಹತ್ತು ಲೆಕ್ಕ ಬಿಡಿಸುತ್ತೀಯ.

ಇನ್ನು ಕೈಗೆಲಸ. ನಿಜವಾದ ರೌಟರ್ ಕೊಳ್ಳಬೇಡ. ಸಿಸ್ಕೊ ಕಂಪನಿ 1997ರಿಂದ 'ನೆಟ್‌ವರ್ಕಿಂಗ್ ಅಕಾಡೆಮಿ' ಎಂಬ ಶಿಕ್ಷಣ ಕಾರ್ಯಕ್ರಮ ನಡೆಸುತ್ತಿದೆ. ಅಲ್ಲಿ ಹೆಸರು ನೋಂದಾಯಿಸಿದರೆ 'ಪ್ಯಾಕೆಟ್ ಟ್ರೇಸರ್' ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಪರದೆಯ ಮೇಲೆ ರೌಟರ್, ಸ್ವಿಚ್, ಕೇಬಲ್ ಎಲ್ಲವನ್ನೂ ಎಳೆದು ತಂದು ಜೋಡಿಸಿ, ನಿಜವಾದ ರೌಟರಿನಲ್ಲಿ ಬರೆಯುವ ಆದೇಶಗಳನ್ನೇ ಬರೆಯಬಹುದು. ಸಿಸಿಎನ್‌ಎ ಮಟ್ಟಕ್ಕೆ ಇದು ಧಾರಾಳವಾಗಿ ಸಾಕು. ಬಿ.ಸಿ.ಎ.ಗೆಂದು ಕೊಂಡ ಲ್ಯಾಪ್‌ಟಾಪ್ ಇದ್ದರೆ ಅದೇ ನಿನ್ನ ಪ್ರಯೋಗಾಲಯ. ಪಾಠಕ್ಕೆ ಯೂಟ್ಯೂಬಿನಲ್ಲಿ 'ಜೆರೆಮಿಸ್ ಐಟಿ ಲ್ಯಾಬ್' ಎಂಬ ಪೂರ್ಣ ಸಿಸಿಎನ್‌ಎ ಸರಣಿ ಉಚಿತವಾಗಿದೆ. ತತ್ವ ಇನ್ನೂ ಆಳವಾಗಿ ಬೇಕೆನಿಸಿದರೆ ಐಐಟಿ ಖರಗ್‌ಪುರದ ಅಧ್ಯಾಪಕರು ಎನ್‌ಪಿಟಿಇಎಲ್‌ನಲ್ಲಿ ಮಾಡಿದ ಪಾಠಗಳಿವೆ. ಪುಸ್ತಕವೆಂದರೆ ವೆಂಡೆಲ್ ಓಡಮ್ ಬರೆದ ಎರಡು ಸಂಪುಟಗಳು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪ್ರತಿ ಹುಡುಕುವುದಾದರೆ ಮುಖಪುಟದ ಮೇಲೆ 200-301 ಎಂಬ ಸಂಖ್ಯೆ ಇದೆಯೇ ನೋಡು. ಈಗಿನ ಪರೀಕ್ಷೆಯ ಸಂಖ್ಯೆ ಅದು. 2020ರ ಫೆಬ್ರವರಿ 24ರಂದು ಹಳೆಯ ಪರೀಕ್ಷೆಗಳನ್ನೆಲ್ಲ ನಿಲ್ಲಿಸಿ ಇದೊಂದನ್ನೇ ಇಟ್ಟರು. 640-802 ಎಂದಿರುವ ಪುಸ್ತಕ ತಂದರೆ ಫ್ರೇಮ್ ರಿಲೇಯಂತಹ, ಈಗ ಯಾರೂ ಕೇಳದ ಪಾಠಗಳಲ್ಲಿ ತಿಂಗಳು ಕಳೆದುಹೋಗುತ್ತದೆ.

ಮೊದಲ ದಿನವೇ ನಿನಗೆ ಆಗುವ ನಿರಾಸೆಯನ್ನು ಈಗಲೇ ಹೇಳಿಬಿಡುತ್ತೇನೆ. ಎರಡು ರೌಟರ್ ಇಟ್ಟು, ನಡುವೆ ಕೇಬಲ್ ಎಳೆದು, ವಿಳಾಸ ಕೊಟ್ಟು 'ಪಿಂಗ್' ಮಾಡಿದರೆ ಉತ್ತರ ಬರುವುದಿಲ್ಲ. ವಿಳಾಸ ಸರಿ, ಮಾಸ್ಕ್ ಸರಿ, ಕೇಬಲ್ ಸರಿ. ಆದರೂ ಇಲ್ಲ. ಏಕೆಂದರೆ ಸಿಸ್ಕೊ ರೌಟರಿನ ಪ್ರತಿಯೊಂದು ಬಾಗಿಲೂ ಮುಚ್ಚಿಯೇ ಬರುತ್ತದೆ. 'ನೋ ಶಟ್‌ಡೌನ್' ಎಂದು ಬರೆದು ತೆರೆಯಬೇಕು. ಸ್ವಿಚ್‌ನ ಬಾಗಿಲುಗಳು ತೆರೆದೇ ಬರುತ್ತವೆ, ರೌಟರಿನವು ಹಾಗಲ್ಲ. ಏನೋ ಕೆಟ್ಟಿದೆ ಅನಿಸಿದಾಗಲೆಲ್ಲ 'ಶೋ ಐಪಿ ಇಂಟರ್‌ಫೇಸ್ ಬ್ರೀಫ್' ಎಂದು ಬರೆದು ನೋಡು. 'ಅಡ್ಮಿನಿಸ್ಟ್ರೇಟಿವ್ಲಿ ಡೌನ್' ಎಂದು ಬಂದರೆ ತೂಬು ಮುಚ್ಚಿದೆ, ನೀನು ತೆರೆದಿಲ್ಲ. ಬರೀ 'ಡೌನ್' ಎಂದರೆ ಕೇಬಲನ್ನೋ ಆಚೆ ತುದಿಯನ್ನೋ ನೋಡು. ಮುಂದೇನು ಬರೆಯಬೇಕೆಂದು ಮರೆತರೆ ಪ್ರಶ್ನೆ ಚಿಹ್ನೆ ಒತ್ತು, ರೌಟರೇ ಹೇಳಿಕೊಡುತ್ತದೆ. ಮರೆತದ್ದಕ್ಕೆ ಬೈಯದ ಮೇಷ್ಟ್ರು ಎಲ್ಲರಿಗೂ ಸಿಗುವುದಿಲ್ಲ!

ಇನ್ನೊಂದು ನನ್ನ ಪಾಡು. ನಾನು ಕಲಿಯುವ ಕಾಲದಲ್ಲಿ ಹಳೆಯ ರೌಟರ್ ಒಂದರ ಮುಂದೆ ಮೂರು ಗಂಟೆ ಕುಳಿತು ಎಲ್ಲ ಸರಿಪಡಿಸಿ, ಖುಷಿಯಿಂದ ಚಹಾ ಕುಡಿಯಲು ಎದ್ದೆ. ಕರೆಂಟು ಹೋಯಿತು. ಬಂದಾಗ ರೌಟರ್ ಹುಟ್ಟಿದ ಮಗುವಿನಂತೆ ನನ್ನನ್ನೇ ನೋಡುತ್ತಿತ್ತು, ಒಂದು ಅಕ್ಷರವೂ ನೆನಪಿಲ್ಲ. ನಾವು ಬರೆಯುವುದು 'ರನ್ನಿಂಗ್ ಕಾನ್ಫಿಗ್' ಎಂಬ ತಾತ್ಕಾಲಿಕ ನೆನಪಿನಲ್ಲಿರುತ್ತದೆ. ಅದನ್ನು 'ಸ್ಟಾರ್ಟಪ್ ಕಾನ್ಫಿಗ್'ಗೆ ನಕಲು ಮಾಡಿ ಉಳಿಸದಿದ್ದರೆ ಕರೆಂಟಿನೊಂದಿಗೆ ಅದೂ ಹೋಗುತ್ತದೆ. ಅಂದಿನಿಂದ ಉಳಿಸದೆ ನಾನು ಕುರ್ಚಿಯಿಂದ ಏಳುವುದಿಲ್ಲ.

ಬಾಗಿಲು ತೆರೆಯುವುದು ಬಂದ ಮೇಲೆ ಬೇಕಾದವರನ್ನಷ್ಟೇ ಒಳಬಿಡುವುದನ್ನೂ ಕಲಿಯಬೇಕು. ಅದು 'ಆ್ಯಕ್ಸೆಸ್ ಲಿಸ್ಟ್'. ಮದುವೆ ಮಂಟಪದ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತ ಚಿಕ್ಕಪ್ಪನ ಹಾಗೆ ರೌಟರ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತದೆ. ಮೊದಲು ಹೊಂದಿದ ಸಾಲಿಗೇ ತೀರ್ಮಾನ, ಕೆಳಗಿನದನ್ನು ನೋಡುವುದೇ ಇಲ್ಲ. ಎಲ್ಲಕ್ಕಿಂತ ಕೆಳಗೆ ಕಣ್ಣಿಗೆ ಕಾಣದ ಒಂದು ಸಾಲಿರುತ್ತದೆ: ಉಳಿದ ಯಾರಿಗೂ ಪ್ರವೇಶವಿಲ್ಲ. ಆ ಕಾಣದ ಸಾಲನ್ನು ಮರೆತು, ಒಬ್ಬನನ್ನು ತಡೆಯಲು ಹೋಗಿ ಇಡೀ ಕಚೇರಿಯ ಸಂಪರ್ಕವನ್ನೇ ಕಡಿದವರು ಎಷ್ಟೋ ಮಂದಿ.

ಸರಿ, ಈಗ ಪುಟವನ್ನು ಅಮ್ಮಿಗೆ ಹಿಂತಿರುಗಿಸು.

ಸಹೋದರಿ, 'ಪಾಸು ಖಾತ್ರಿ' ಎಂಬ ಮಾತಿನ ಬಗ್ಗೆ ಹೇಳಬೇಕು. ಪತ್ರದಲ್ಲಿ ನನ್ನನ್ನು ಕಳವಳಗೊಳಿಸಿದ್ದು ಅದೇ. ಪರೀಕ್ಷೆ ನಡೆಸುವುದು ತರಬೇತಿ ಸಂಸ್ಥೆಯಲ್ಲ, ಪಿಯರ್ಸನ್ ವ್ಯೂ ಎಂಬ ಬೇರೆಯೇ ಕಂಪನಿ. ಅಲ್ಲಿ ಗುರುತಿನ ಚೀಟಿ ನೋಡಿ, ಫೋಟೋ ತೆಗೆದು, ಸಹಿ ಹಾಕಿಸಿಕೊಂಡು ಒಳಬಿಡುತ್ತಾರೆ. ಹಾಗಿರುವಾಗ ಮೂರನೆಯವರು ಖಾತ್ರಿ ಕೊಡುವುದು ಹೇಗೆ? ಹೆಚ್ಚಿನ ಕಡೆ ಇದರ ಅರ್ಥ 'ಡಂಪ್ಸ್'. ಯಾರೋ ಕದ್ದು ತಂದ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿಸುವುದು. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದು. ಸಿಕ್ಕಿಬೀಳದಿದ್ದರೂ ನಷ್ಟ ತಪ್ಪುವುದಿಲ್ಲ. ಸಂದರ್ಶನದಲ್ಲಿ 'ಈ ಲಿಂಕ್ ಡೌನ್ ಆಗಿದೆ, ಮೊದಲು ಏನು ನೋಡುತ್ತೀರಿ?' ಎಂದು ಒಂದೇ ಪ್ರಶ್ನೆ ಕೇಳುತ್ತಾರೆ. ಬಾಯಿಪಾಠದ ಹುಡುಗಿ ಅಲ್ಲಿಗೇ ನಿಂತುಬಿಡುತ್ತಾಳೆ. ಹೇಗೋ ಕೆಲಸ ಸಿಕ್ಕಿತೆನ್ನಿ, ಒಂದು ಆಸ್ಪತ್ರೆಯ, ಒಂದು ಬ್ಯಾಂಕಿನ ನೆಟ್‌ವರ್ಕ್ ಅವಳ ಕೈಯಲ್ಲಿ ಅಮಾನತ್ತು. ರಾತ್ರಿ ಎರಡು ಗಂಟೆಗೆ ಅದು ನಿಂತರೆ ಡಂಪ್ಸ್ ನೆರವಿಗೆ ಬರುತ್ತದೆಯೆ?

ತರಗತಿಗೇ ಹೋಗಬಾರದೆಂದು ನಾನು ಹೇಳುವುದಿಲ್ಲ. ಒಂಟಿಯಾಗಿ ಕುಳಿತು ಓದುವುದು ಎಲ್ಲರಿಗೂ ಒಗ್ಗುವುದಿಲ್ಲ. ಒಳ್ಳೆಯ ಅಧ್ಯಾಪಕರು ಒಂದು ತಪ್ಪನ್ನು ತೋರಿಸಿಕೊಟ್ಟರೆ ಒಂದು ವಾರ ಉಳಿಯುತ್ತದೆ. ಆದರೆ ಹಣ ಕಟ್ಟುವ ಮೊದಲು ಮಗಳ ಜೊತೆ ನೀವೇ ಹೋಗಿ ಒಂದು ತರಗತಿ ಕುಳಿತು ನೋಡಿ. ನಿಜವಾದ ಉಪಕರಣ ಎಷ್ಟಿವೆ, ಒಂದೊಂದಕ್ಕೆ ಎಷ್ಟು ಮಂದಿ, ಪರೀಕ್ಷಾ ಶುಲ್ಕ ಇದರಲ್ಲಿ ಸೇರಿದೆಯೆ, ಕಂತಿನಲ್ಲಿ ಕಟ್ಟಬಹುದೆ ಎಂದು ಕೇಳಿ. ಕೆಲಸ ಖಾತ್ರಿ ಎಂದವರಿಗೆ 'ಅದನ್ನೇ ಕಾಗದದ ಮೇಲೆ ಬರೆದು ಸಹಿ ಹಾಕಿಕೊಡಿ' ಎನ್ನಿ. ಆಮೇಲೆ ಅವರ ಮುಖ ನೋಡಿ.

ಪರೀಕ್ಷಾ ಶುಲ್ಕ ಮಾತ್ರ ತಪ್ಪಿದ್ದಲ್ಲ. 300 ಡಾಲರ್, ಮೇಲೆ ತೆರಿಗೆ. ನಮ್ಮ ಲೆಕ್ಕದಲ್ಲಿ ಮೂವತ್ತು ಸಾವಿರ ರೂಪಾಯಿಯ ಆಸುಪಾಸು. ಸಣ್ಣ ಮೊತ್ತವಲ್ಲ. ಫೇಲಾದರೆ ಐದು ದಿನ ಕಾದು ಮತ್ತೆ ಅಷ್ಟೇ ಹಣ ಕಟ್ಟಬೇಕು. ಅದಕ್ಕೇ ಸಿದ್ಧತೆ ಪೂರ್ಣವಾಗುವವರೆಗೆ ನೋಂದಾಯಿಸಬೇಡಿ ಎನ್ನುವುದು. ನೆಟ್‌ವರ್ಕಿಂಗ್ ಅಕಾಡೆಮಿಗೆ ಸೇರಿದ ಕಾಲೇಜುಗಳಲ್ಲಿ ಕೋರ್ಸ್ ಮುಗಿಸಿ ಒಳ್ಳೆಯ ಅಂಕ ಪಡೆದವರಿಗೆ ರಿಯಾಯಿತಿ ವೋಚರ್ ಸಿಗುವುದುಂಟು. ಹತ್ತಿರದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವಿಚಾರಿಸಲು ಖರ್ಚಿಲ್ಲವಲ್ಲ. ಉಳಿದಂತೆ ತಿಂಗಳಿಗೆ ಇಷ್ಟೆಂದು ಎತ್ತಿಡಲು ನಿಮಗೆ ಕಲಿಕೆಯ ಆರೇಳು ತಿಂಗಳು ಕೈಯಲ್ಲಿವೆ.

ಪಾಸಾದರೆ ಕೆಲಸ ಸಿಗುತ್ತದೆಯೆ? ಸರ್ಟಿಫಿಕೇಟ್ ಸಂದರ್ಶನದ ಬಾಗಿಲವರೆಗೆ ಕರೆದೊಯ್ಯುತ್ತದೆ, ಅಷ್ಟೇ. ಆರಂಭದ ಕೆಲಸಗಳು ಹೆಚ್ಚಾಗಿ ನೆಟ್‌ವರ್ಕ್ ನಿಗಾ ಕೇಂದ್ರಗಳಲ್ಲಿ. ಅಲ್ಲಿ ರಾತ್ರಿ ಪಾಳಿ ಸಾಮಾನ್ಯ. ಈ ವಿಷಯವನ್ನು ಮನೆಯಲ್ಲಿ ಈಗಲೇ ಕುಳಿತು ಮಾತಾಡಿ. ಆಫರ್ ಲೆಟರ್ ಬಂದ ಮೇಲೆ 'ರಾತ್ರಿ ಬೇಡ' ಎಂದರೆ ಹುಡುಗಿಗೆ ಆಗುವ ನೋವನ್ನು ನಾನು ಕಂಡಿದ್ದೇನೆ. ಬೆಂಗಳೂರೇ ಆಗಬೇಕೆಂದೂ ಇಲ್ಲ. ಕಾಲೇಜು, ಆಸ್ಪತ್ರೆ, ಬ್ಯಾಂಕು, ಮನೆಮನೆಗೆ ಫೈಬರ್ ಎಳೆಯುವ ಸ್ಥಳೀಯ ಆಪರೇಟರ್‌ಗಳು ಎಲ್ಲರಿಗೂ ಈ ಕೆಲಸ ಬಲ್ಲವರು ಬೇಕು. ಮುದ್ದೇನಹಳ್ಳಿಯಲ್ಲೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ. ನಿಮ್ಮ ಯಜಮಾನರನ್ನು ಕೇಳಿ, ಶಿಡ್ಲಘಟ್ಟದ ಗೂಡು ಮಾರುಕಟ್ಟೆಯ ಹರಾಜೂ ಕಂಪ್ಯೂಟರಿಗೆ ಬಂದಿದೆ. ಸಂಪರ್ಕ ಕಡಿದರೆ ಹರಾಜಿಗೂ ತಡೆ. ಗೂಡಿನ ಬುಟ್ಟಿ ಮುಂದಿಟ್ಟು ಕುಳಿತ ರೈತನಿಗೆ ಅದರ ಬಿಸಿ ತಟ್ಟುತ್ತದೆ.

ಇನ್ನೊಂದು ಮಾತು. ಈ ಸರ್ಟಿಫಿಕೇಟಿನ ಆಯುಸ್ಸು ಮೂರು ವರ್ಷ. ಆಮೇಲೆ ಮತ್ತೆ ಪರೀಕ್ಷೆ ಬರೆಯಬೇಕು, ಇಲ್ಲವೆ ಮಾನ್ಯ ಕೋರ್ಸುಗಳನ್ನು ಮಾಡಿ ನವೀಕರಿಸಿಕೊಳ್ಳಬೇಕು. ಪಾಸು ಮಾಡಿಸಿ ಕಪಾಟಿನಲ್ಲಿಟ್ಟು, ಮದುವೆಯಾದ ನಂತರ ನೋಡೋಣ ಎಂದರೆ ಅಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಮಗಳು ಕೆಲಸಕ್ಕೆ ಹೋಗುವುದಕ್ಕೆ ನೀವು ಒಪ್ಪಿದ್ದೀರಾ ಎಂಬುದು ಶುಲ್ಕ ಕಟ್ಟುವ ಮೊದಲೇ ತೀರ್ಮಾನವಾಗಲಿ.

ನಾಲ್ಕು ತಿಂಗಳ ಮೇಲೆ ಒಂದು ಸಂಜೆ ಮಗಳ ಪಕ್ಕದಲ್ಲಿ ಕುಳಿತುಕೊಳ್ಳಿ. ಪ್ಯಾಕೆಟ್ ಟ್ರೇಸರ್‌ನಲ್ಲಿ ಮೂರು ರೌಟರ್‌ಗಳನ್ನು ತ್ರಿಕೋನವಾಗಿ ಜೋಡಿಸಲು ಹೇಳಿ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಎಂದು ಹೆಸರಿಡಲಿ. ಪುಸ್ತಕ ನೋಡದೆ ವಿಳಾಸ ಹಂಚಿ, ಓಎಸ್‌ಪಿಎಫ್ ಬರೆದು, ಚಿಕ್ಕಬಳ್ಳಾಪುರದಿಂದ ಚಿಂತಾಮಣಿಗೆ ಪಿಂಗ್ ಮಾಡಲಿ. ಉತ್ತರ ಬಂದ ಮೇಲೆ ಅವೆರಡರ ನಡುವಿನ ಕೇಬಲನ್ನು ನೀವೇ ಅಳಿಸಿಬಿಡಿ. ಸ್ವಲ್ಪ ಹೊತ್ತಿನಲ್ಲಿ ಶಿಡ್ಲಘಟ್ಟದ ಮೇಲೆ ಸುತ್ತಿ ಉತ್ತರ ಮತ್ತೆ ಬಂದರೆ, ಏಕೆ ಬಂತೆಂದು ಅವಳು ನಿಮಗೆ ಮನೆಮಾತಿನಲ್ಲಿ ಬಿಡಿಸಿ ಹೇಳಿದರೆ, ಪರೀಕ್ಷೆಯಲ್ಲಿ ನೂರಕ್ಕೆ ಇಪ್ಪತ್ತೈದು ಪಾಲಿನ ತೂಕವಿರುವ ಭಾಗದ ಬೆನ್ನೆಲುಬು ಅವಳ ಕೈಗೆ ಬಂದಿದೆ. ವೈರ್‌ಲೆಸ್, ಭದ್ರತೆ, ಆಟೊಮೇಷನ್ ಮುಂತಾದವನ್ನು ಇನ್ನೆರಡು ಮೂರು ತಿಂಗಳಲ್ಲಿ ಮುಗಿಸಲಿ. ಬಾರದಿದ್ದರೆ, ಯಾವ ಭಾಗದಲ್ಲಿ ತೊಡಕಿದೆಯೋ ಅದಕ್ಕಷ್ಟೇ ಹತ್ತಿರದಲ್ಲಿ ಪಾಠ ಹೇಳುವವರನ್ನು ಹುಡುಕಿ.

ಪರೀಕ್ಷೆ ಎರಡು ಗಂಟೆಯದು. ಒಂದು ಪ್ರಶ್ನೆ ದಾಟಿದರೆ ಹಿಂದಕ್ಕೆ ಬರುವಂತಿಲ್ಲ, ಇದನ್ನು ಅವಳಿಗೆ ಮೊದಲೇ ಹೇಳಿಡಿ. ಮನೆಯಿಂದಲೇ ಕ್ಯಾಮರಾದ ಮುಂದೆ ಬರೆಯುವ ಅವಕಾಶವೂ ಇದೆ. ಆದರೆ ನಡುವೆ ಕರೆಂಟು ಹೋದರೆ ಪೇಚಾಟ, ಬೆಂಗಳೂರಿನ ಕೇಂದ್ರವೇ ವಾಸಿ. ರಮಝಾನಿನ ಕೊನೆಯ ಹತ್ತು ದಿನಗಳಿಗೆ ಸೇರದಂತೆ ದಿನ ಆರಿಸಿ, ಮಧ್ಯಾಹ್ನದ ಸಮಯ ಸಿಕ್ಕಿದರೆ ಅದನ್ನೇ ಹಿಡಿಯಿರಿ. ಚಿಕ್ಕಬಳ್ಳಾಪುರದಿಂದ ಬೆಳಗಿನ ಬಸ್ಸು ಹತ್ತಿದರೂ ಹೆಬ್ಬಾಳದ ವಾಹನ ಸಂದಣಿ ದಾಟುವುದು ಯಾರ ಕೈಯಲ್ಲೂ ಇಲ್ಲ.